ಬಾಡಿಗೆಯ ಚೀಟಿ, ಮತದ ಚೀಟಿ

ಚುನಾವಣೆಯ ಫಲಿತಾಂಶ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಪತ್ರಿಕೆಯ ಒಂದು ಅಂಕಣ. ಎಡಕ್ಕೆ ಹೆಸರು, ಬಲಕ್ಕೆ ಮತಗಳ ಸಂಖ್ಯೆ, ಕೆಳಗೆ ಗೆಲುವಿನ ಅಂತರ. ಆ ಅಂಕಣವನ್ನು ಮರುದಿನ ಯಾರೂ ಓದುವುದಿಲ್ಲ. ಅದರಲ್ಲಿಯೂ ದೂರದೇಶದ ಯಾವುದೋ ನಗರಸಭೆಯ, ಒಂದು ತಲೆಮಾರಿಗೂ ಹಿಂದಿನ ಫಲಿತಾಂಶವೆಂದರೆ ಕೇಳಬೇಕೆ? ಆದರೂ ಇಂದು ಶ್ರೋತೃಗಳ ಮುಂದೆ ನಾನು ಇಡಬೇಕೆಂದಿರುವುದು ಅಂಥದೇ ಒಂದು ಹಳೆಯ ಫಲಿತಾಂಶವನ್ನು. ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಲೀಡ್ಸ್ ನಗರದಲ್ಲಿ 1933ರ ನವೆಂಬರ್ ತಿಂಗಳಲ್ಲಿ ಲೇಬರ್ ಪಕ್ಷಕ್ಕೆ ನಗರಸಭೆಯ ಅಧಿಕಾರ ಬಂದಿತು. ಎರಡೇ ವರ್ಷ ಕಳೆದು 1935ರ ನವೆಂಬರಿನಲ್ಲಿ ಅದು ಕೈಬಿಟ್ಟು ಹೋಯಿತು. ಬಂದಾಗ ಎಲ್ಲರ ಬಾಯಲ್ಲಿದ್ದ ಮಾತು ಬಡವರ ಮನೆ. ಹೋದಾಗ ಎಲ್ಲರ ಬಾಯಲ್ಲಿದ್ದ ಮಾತೂ ಅದೇ. ಒಂದೇ ವಿಷಯ ಎರಡು ಬಗೆಯ ಫಲ ಕೊಟ್ಟಿತೇಕೆ ಎಂಬುದೇ ಈ ಭಾಷಣದ ವಸ್ತು.

ಮೊದಲು ಆ ಕಾಲದ ನಗರಸಭೆಯ ರಚನೆಯನ್ನು ತಿಳಿಯಬೇಕು. ಅದನ್ನು ತಿಳಿಯದೆ ಅಂಕಿಗಳನ್ನು ನೋಡಿದರೆ ದಾರಿ ತಪ್ಪುತ್ತದೆ. ಇಂಗ್ಲೆಂಡಿನ ದೊಡ್ಡ ನಗರಗಳಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ವಾರ್ಡಿಗೆ ಮೂವರು ಸದಸ್ಯರಿದ್ದರು. ಒಬ್ಬೊಬ್ಬರ ಅವಧಿ ಮೂರು ವರ್ಷ. ವರ್ಷಕ್ಕೆ ಒಬ್ಬರಂತೆ ನಿವೃತ್ತರಾಗುತ್ತಿದ್ದರು. ಆದ್ದರಿಂದ ಪ್ರತಿವರ್ಷವೂ ನವೆಂಬರ್ ಆರಂಭದಲ್ಲಿ ಸಭೆಯ ಮೂರನೆಯ ಒಂದು ಭಾಗಕ್ಕೆ ಮಾತ್ರ ಚುನಾವಣೆ. ಇವರಲ್ಲದೆ ‘ಆಲ್ಡರ್‌ಮನ್’ ಎಂಬ ಹಿರಿಯ ಸದಸ್ಯರ ವರ್ಗವೊಂದಿತ್ತು. ಸಾಮಾನ್ಯ ಸದಸ್ಯರ ಸಂಖ್ಯೆಯ ಮೂರನೆಯ ಒಂದರಷ್ಟಿದ್ದ ಇವರನ್ನು ಆರಿಸುತ್ತಿದ್ದವರು ಜನರಲ್ಲ, ಸಭೆಯೇ. ಅದೂ ಆರು ವರ್ಷಗಳ ಅವಧಿಗೆ. ಇದರ ಪರಿಣಾಮವೇನು? ಒಂದು ವರ್ಷ ಜನಾಭಿಪ್ರಾಯ ಎಷ್ಟೇ ಬಲವಾಗಿ ತಿರುಗಿದರೂ ಅಧಿಕಾರ ಒಮ್ಮೆಗೇ ಕೈಬದಲಾಗುವುದು ಕಷ್ಟ. ಹೊಸ ನೀರು ಬರುತ್ತಿದ್ದರೂ ಕೆರೆಯಲ್ಲಿ ಹಳೆಯ ನೀರು ನಿಂತೇ ಇರುತ್ತಿತ್ತು. ಇಂಥ ವ್ಯವಸ್ಥೆಯಲ್ಲಿ ಒಂದು ಪಕ್ಷ ಅಧಿಕಾರ ಪಡೆದು ಎರಡೇ ವರ್ಷದಲ್ಲಿ ಕಳೆದುಕೊಂಡಿತೆಂದರೆ, ಜನರ ಮನಸ್ಸು ಎಷ್ಟು ಕಲಕಿರಬೇಕೆಂಬುದನ್ನು ಊಹಿಸಬಹುದು.

ಇನ್ನೊಂದು ಸಂಗತಿ ಮತದಾರರದು. 1928ರ ಹೊತ್ತಿಗೆ ಇಪ್ಪತ್ತೊಂದು ವರ್ಷ ತುಂಬಿದ ಗಂಡಸು ಹೆಂಗಸರೆಲ್ಲರೂ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಮತ ಹಾಕಬಹುದಾಗಿತ್ತು. ನಗರಸಭೆಯ ಚುನಾವಣೆಯಲ್ಲಿ ಹಾಗಲ್ಲ. ಅಲ್ಲಿ ಮತವಿದ್ದುದು ಮನೆಯನ್ನೋ ಅಂಗಡಿಯನ್ನೋ ಸ್ವಂತವಾಗಿಯಾಗಲಿ ಬಾಡಿಗೆಗಾಗಲಿ ಹಿಡಿದವರಿಗೆ, ಮತ್ತು ಅವರ ಹೆಂಡತಿ ಅಥವಾ ಗಂಡನಿಗೆ. ತಂದೆತಾಯಿಯರ ಜೊತೆ ಇದ್ದುಕೊಂಡು ಗಿರಣಿಯಲ್ಲಿ ದುಡಿಯುವ ಮಗನಿಗೆ, ಮಗಳಿಗೆ ಮತವಿಲ್ಲ. ಪೀಠೋಪಕರಣಗಳಿರುವ ಕೋಣೆಯನ್ನು ಬಾಡಿಗೆ ಹಿಡಿದ ಒಂಟಿ ಕೆಲಸಗಾರನಿಗೂ ಇಲ್ಲ. ಎಂದರೆ ನಗರಸಭೆಯ ಮತಪೆಟ್ಟಿಗೆಯಲ್ಲಿ ಮಾತನಾಡುತ್ತಿದ್ದುದು ಮುಖ್ಯವಾಗಿ ಮನೆವಾರ್ತೆ ನಡೆಸುವವರ ದನಿ. ಬಾಡಿಗೆ, ಕಂದಾಯ, ಕಲ್ಲಿದ್ದಲಿನ ಬೆಲೆ ಇವನ್ನು ವಾರವಾರವೂ ಲೆಕ್ಕ ಹಾಕುವವರ ದನಿ ಅದು. ಇದನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

ಲೀಡ್ಸ್ ಬಟ್ಟೆಯ ಗಿರಣಿಗಳ, ಸಿದ್ಧ ಉಡುಪುಗಳ, ಯಂತ್ರಗಳ ನಗರ. 1931ರ ಜನಗಣತಿಯ ಕಾಲಕ್ಕೆ ಅಲ್ಲಿ ಸುಮಾರು 4,83,000 ಜನರಿದ್ದರು. ಅವರಲ್ಲಿ ಬಹುಪಾಲು ಮಂದಿ ಬಾಳುತ್ತಿದ್ದುದು ‘ಬೆನ್ನಿಗೆ ಬೆನ್ನು’ ಎಂದು ಕರೆಯಬಹುದಾದ ಮನೆಗಳಲ್ಲಿ. ನಮ್ಮ ಊರುಗಳ ಹಳೆಯ ವಠಾರವನ್ನು ಕಂಡವರಿಗೆ ಇದರ ಕಲ್ಪನೆ ಸುಲಭವಾಗಿ ಬಂದೀತು. ಆದರೆ ವಠಾರಕ್ಕೆ ನಡುವೆ ಒಂದು ಅಂಗಳವಾದರೂ ಇರುತ್ತದೆ. ಇಲ್ಲಿ ಒಂದು ಸಾಲಿನ ಮನೆಗಳ ಹಿಂಗೋಡೆಯೇ ಇನ್ನೊಂದು ಸಾಲಿನ ಮನೆಗಳ ಹಿಂಗೋಡೆ. ಎಡಬಲಗಳಲ್ಲಿಯೂ ನೆರೆಯವರ ಗೋಡೆಗಳೇ. ಕಿಟಕಿ, ಬಾಗಿಲು, ಬೆಳಕು, ಗಾಳಿ ಎಲ್ಲವೂ ಬೀದಿಯ ಕಡೆಯ ಒಂದೇ ಮುಖದಿಂದ ಬರಬೇಕು. ಕೆಳಗೊಂದು ಕೋಣೆ, ಮೇಲೊಂದು ಕೋಣೆ. ಶೌಚಗೃಹ ಬೀದಿಯ ಸಾಲಿನ ನಡುವೆಯೋ ತುದಿಯಲ್ಲಿಯೋ ಇದ್ದು ಹಲವು ಮನೆಗಳವರಿಗೆ ಸೇರಿ ಒಂದು. ಇಂಥ ಮನೆಗಳು 1920ರ ಸುಮಾರಿಗೆ ಲೀಡ್ಸಿನಲ್ಲಿ 70,000ಕ್ಕೂ ಹೆಚ್ಚಿದ್ದವು. ಅತಿ ಹಳೆಯ ಕೇರಿಗಳಲ್ಲಿ ಎಕರೆಯೊಂದಕ್ಕೆ 70ರಿಂದ 80 ಮನೆಗಳು ಒತ್ತೊತ್ತಾಗಿ ನಿಂತಿದ್ದವು. ಇಂಥವನ್ನು ಹೊಸದಾಗಿ ಕಟ್ಟಕೂಡದೆಂದು 1909ರಲ್ಲಿಯೇ ಕಾನೂನು ಬಂದಿತ್ತು. ಆದರೆ ಮೊದಲೇ ಒಪ್ಪಿಗೆ ಪಡೆದಿದ್ದ ನಕ್ಷೆಗಳ ಆಸರೆಯಿಂದ ಲೀಡ್ಸಿನಲ್ಲಿ ಮಾತ್ರ 1937ರವರೆಗೂ ಅವನ್ನು ಕಟ್ಟುತ್ತಲೇ ಇದ್ದರು! ಕಾನೂನಿನ ಬಾಗಿಲು ಮುಚ್ಚಿದ್ದರೂ ಕಿಟಕಿ ತೆರೆದಿತ್ತು.

ಈ ನಗರಕ್ಕೆ 1927ರಲ್ಲಿ ಒಬ್ಬ ಪಾದ್ರಿ ಬಂದ. ಹೆಸರು ಚಾರ್ಲ್ಸ್ ಜೆಂಕಿನ್‌ಸನ್. 1887ರಲ್ಲಿ ಲಂಡನ್ನಿನ ಪೂರ್ವಭಾಗದ ಬಡವರ ಬಡಾವಣೆಯಾದ ಪಾಪ್ಲರ್‌ನಲ್ಲಿ ಹುಟ್ಟಿದವನು. ಬಡತನವನ್ನು ಗ್ರಂಥಗಳಿಂದ ಕಲಿತವನಲ್ಲ. ಲೀಡ್ಸಿನ ಹೋಲ್ಬೆಕ್ ಎಂಬ ಭಾಗದ ಚರ್ಚಿಗೆ ಅವನು ಗುರುವಾಗಿ ನಿಯುಕ್ತನಾದ. ಅವನ ಸಭೆಯವರಲ್ಲಿ ಬಹುಮಂದಿ ಈಗ ತಾನೆ ವರ್ಣಿಸಿದ ಮನೆಗಳಲ್ಲಿದ್ದವರು. ಪ್ರವಚನದಿಂದ ಗೋಡೆಗೆ ಕಿಟಕಿ ಬರುವುದಿಲ್ಲವೆಂದು ಅವನಿಗೆ ಬೇಗ ಮನವರಿಕೆಯಾಗಿರಬೇಕು. 1930ರಲ್ಲಿ ಲೇಬರ್ ಪಕ್ಷದ ಪರವಾಗಿ ನಿಂತು ನಗರಸಭೆಗೆ ಆರಿಸಿ ಬಂದ.

ಅದೇ ವರ್ಷ ಪಾರ್ಲಿಮೆಂಟು ಕೊಳೆಗೇರಿಗಳ ನಿರ್ಮೂಲನಕ್ಕಾಗಿ ಒಂದು ಶಾಸನ ಮಾಡಿತು. ಅದನ್ನು ತಂದ ಮಂತ್ರಿ ಆರ್ಥರ್ ಗ್ರೀನ್‌ವುಡ್ ಕೂಡ ಲೀಡ್ಸಿನಲ್ಲಿಯೇ ಹುಟ್ಟಿದವನು. ಕೆಡವಿದ ಕೇರಿಯಿಂದ ಹೊಸ ಮನೆಗೆ ಹೋಗುವ ತಲೆಯೊಂದಕ್ಕೆ ಇಷ್ಟು ಎಂದು ಸರಕಾರವೇ ನಗರಸಭೆಗಳಿಗೆ ಸಹಾಯಧನ ಕೊಡುವುದು ಅದರ ಮುಖ್ಯಾಂಶ. 1933ರ ನವೆಂಬರಿನಲ್ಲಿ ಲೇಬರ್ ಪಕ್ಷ ಗೆದ್ದಾಗ ಜೆಂಕಿನ್‌ಸನ್ ಗೃಹನಿರ್ಮಾಣ ಸಮಿತಿಯ ಅಧ್ಯಕ್ಷನಾದ. ಆರು ವರ್ಷಗಳಲ್ಲಿ 30,000 ಹಳೆಯ ಮನೆಗಳನ್ನು ಕೆಡವಿ ಅಲ್ಲಿಯವರಿಗೆ ಹೊಸ ಮನೆ ಕೊಡುವ ಯೋಜನೆ ಸಿದ್ಧವಾಯಿತು. ಇಂಗ್ಲೆಂಡಿನ ಇತರ ನಗರಗಳು ಹುಬ್ಬೇರಿಸಿ ನೋಡುವಂಥ ಯೋಜನೆ ಅದು.

ಆದರೆ ಇಲ್ಲಿ ಒಂದು ತೊಡಕಿತ್ತು. ನಗರಸಭೆ ಕಟ್ಟಿಸಿದ ಮನೆಗಳು ಆವರೆಗೂ ನಿಜವಾದ ಬಡವರ ಕೈಗೆ ಎಟುಕಿರಲಿಲ್ಲ. ಅವುಗಳಲ್ಲಿ ಇದ್ದವರು ಬಹುಮಟ್ಟಿಗೆ ಕುಶಲ ಕೆಲಸಗಾರರು, ಗುಮಾಸ್ತರು, ಸ್ಥಿರವಾದ ಸಂಬಳ ಉಳ್ಳವರು. ಕೊಳೆಗೇರಿಯವನಿಗೆ ಹೊಸ ಮನೆಯ ಬಾಡಿಗೆ ಹೊರೆ. ಬಾಡಿಗೆ ಕೊಟ್ಟರೆ ಊಟಕ್ಕೆ ಕೊರತೆ. ಹೀಗಿರುವಲ್ಲಿ ಹಳೆಯ ಮನೆ ಕೆಡವಿದರೆ ಅವನು ಹೋಗುವುದೆಲ್ಲಿಗೆ?

ಜೆಂಕಿನ್‌ಸನ್ ಕಂಡುಕೊಂಡ ಉತ್ತರ ತರ್ಕಶುದ್ಧವಾಗಿತ್ತು. ಅದನ್ನು ಒಂದು ಉದಾಹರಣೆಯಿಂದ ವಿವರಿಸುತ್ತೇನೆ. ಅಂಕಿಗಳು ತಿಳಿವಿಗಾಗಿ ನಾನೇ ಇಟ್ಟುಕೊಂಡವು. ಒಂದು ಮನೆಯ ಖರ್ಚಿಗೆ ತಕ್ಕ ಬಾಡಿಗೆ ವಾರಕ್ಕೆ ಹದಿನಾಲ್ಕು ಷಿಲಿಂಗ್ ಆಗಬೇಕು ಎನ್ನೋಣ. ಸರಕಾರದ ಸಹಾಯಧನದಿಂದ ಐದು ಷಿಲಿಂಗ್ ಬರುತ್ತದೆ. ಉಳಿದ ಒಂಬತ್ತು ಷಿಲಿಂಗನ್ನು ಎಲ್ಲ ಬಾಡಿಗೆದಾರರೂ ಸಮನಾಗಿ ಕೊಡುತ್ತಾರೆ. ಇದು ಹಳೆಯ ಪದ್ಧತಿ. ಜೆಂಕಿನ್‌ಸನ್ ಕೇಳಿದ: ಸಹಾಯಧನ ಕೊಟ್ಟದ್ದು ಯಾರಿಗೆ? ಇಟ್ಟಿಗೆಗೋ ಮನುಷ್ಯನಿಗೋ? ಅನುಕೂಲಸ್ಥನಾದ ಬಾಡಿಗೆದಾರನಿಗೆ ಈ ಐದು ಷಿಲಿಂಗ್ ಏಕೆ? ಎಲ್ಲ ಸಹಾಯಧನವನ್ನೂ ಒಂದು ಗಂಟಿಗೆ ಸೇರಿಸೋಣ. ಶಕ್ತಿಯುಳ್ಳವನು ಹದಿನಾಲ್ಕನ್ನೂ ಕೊಡಲಿ. ಶಕ್ತಿಯಿಲ್ಲದವನಿಗೆ ಆ ಗಂಟಿನಿಂದ ರಿಯಾಯಿತಿ ಸಿಗಲಿ. ತೀರ ಇಲ್ಲದವನು ಏನನ್ನೂ ಕೊಡದಿರಲಿ. ಕುಟುಂಬದ ವರಮಾನ, ತಲೆಗಳ ಸಂಖ್ಯೆ, ಹೊಟ್ಟೆಬಟ್ಟೆಗೆ ಬೇಕಾದ ಕನಿಷ್ಠ ಮೊತ್ತ ಇವನ್ನು ಲೆಕ್ಕ ಹಾಕಿ ಒಬ್ಬೊಬ್ಬರ ಬಾಡಿಗೆಯನ್ನು ಗೊತ್ತುಮಾಡುವ ಈ ಕ್ರಮ 1934ರಲ್ಲಿ ಜಾರಿಗೆ ಬಂದಿತು.

ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದುದು ಮತ್ತೊಂದುಂಟೆ? ಆದರೆ ನ್ಯಾಯ ಕಾಗದದ ಮೇಲೆ ನಿಲ್ಲುವುದಿಲ್ಲ, ಮನೆಬಾಗಿಲಿಗೆ ಬರುತ್ತದೆ. ಬಾಗಿಲಿಗೆ ಬಂದಾಗ ಅದರ ಕೈಯಲ್ಲಿ ಒಂದು ನಮೂನೆಯ ಕಾಗದವಿತ್ತು. ನಿಮ್ಮ ವಾರದ ಗಳಿಕೆ ಎಷ್ಟು? ಮಗ ಎಷ್ಟು ತರುತ್ತಾನೆ? ಮಗಳ ಸಂಬಳವೇನು? ಈ ಪ್ರಶ್ನೆಗಳನ್ನು ಇಂಗ್ಲೆಂಡಿನ ಕೆಲಸಗಾರರು ಆ ವೇಳೆಗೆ ಇನ್ನೊಂದು ಸಂದರ್ಭದಲ್ಲಿ ಕೇಳಿದ್ದರು. 1931ರಿಂದ ನಿರುದ್ಯೋಗಿಗಳಿಗೆ ಸಹಾಯ ಕೊಡುವ ಮೊದಲು ಮನೆಮಂದಿಯ ಗಳಿಕೆಯನ್ನೆಲ್ಲ ಕೆದಕಿ ನೋಡುವ ಪರೀಕ್ಷೆಯೊಂದು ಬಂದಿತ್ತು. ಅದನ್ನು ದ್ವೇಷಿಸದ ಕೆಲಸಗಾರನ ಮನೆ ಇರಲಿಲ್ಲವೆಂದರೂ ಸಲ್ಲುತ್ತದೆ. ಅದನ್ನು ಖಂಡಿಸುತ್ತಿದ್ದ ಪಕ್ಷವೇ ಈಗ ಅಂಥದೇ ಕಾಗದ ಹಿಡಿದು ಬಂದುದು ಜನರಿಗೆ ವಿಪರೀತವಾಗಿ ಕಂಡಿತು.

ಈ ಅಭಿಮಾನ ಎಂಥದೆಂಬುದನ್ನು ತಿಳಿಯಬೇಕಾದರೆ ಸಾಹಿತ್ಯದ ಕಡೆಗೆ ತಿರುಗಬೇಕು. ಅದೇ ಲೀಡ್ಸಿನ ಹನ್‌ಸ್ಲೆಟ್ ಕೇರಿಯಲ್ಲಿ, ಆ ವರ್ಷಗಳಲ್ಲಿಯೇ, ತಂದೆತಾಯಿಯಿಲ್ಲದೆ ಅಜ್ಜಿಯ ಆಸರೆಯಲ್ಲಿ ಬೆಳೆದ ಹುಡುಗನೊಬ್ಬನಿದ್ದ. ಅವನೇ ಮುಂದೆ 1957ರಲ್ಲಿ ‘ದಿ ಯೂಸಸ್ ಆಫ್ ಲಿಟರಸಿ’ ಎಂಬ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ ರಿಚರ್ಡ್ ಹಾಗರ್ಟ್. ಕೆಲಸಗಾರರ ಜಗತ್ತು ‘ನಾವು’ ಮತ್ತು ‘ಅವರು’ ಎಂದು ಹೇಗೆ ಎರಡಾಗಿ ಒಡೆದಿರುತ್ತದೆ ಎಂಬುದನ್ನು ಅವನು ಅಲ್ಲಿ ಬಿಡಿಸಿ ತೋರಿಸಿದ್ದಾನೆ. ‘ಅವರು’ ಎಂದರೆ ಅಧಿಕಾರಿಗಳು, ತನಿಖೆಯವರು, ಕಾಗದ ಹಿಡಿದು ಬಾಗಿಲು ತಟ್ಟುವವರು. ಒಳಗೆ ಎಷ್ಟೇ ಕಷ್ಟವಿದ್ದರೂ ಹೊಸ್ತಿಲನ್ನು ಉಜ್ಜಿ ಬೆಳ್ಳಗೆ ಇಡುವ ಗೃಹಿಣಿಗೆ ತನ್ನ ಮನೆಯ ಲೆಕ್ಕ ಪರರ ಕಣ್ಣಿಗೆ ಬೀಳುವುದು ಸಹ್ಯವಾಗುವುದಿಲ್ಲ. ಜೆಂಕಿನ್‌ಸನ್ ತಾನು ‘ನಾವು’ ಎಂಬುದರ ಒಳಗಿದ್ದೇನೆಂದು ನಂಬಿದ್ದ. ಆ ಕಾಗದ ಅವನನ್ನು ‘ಅವರ’ ಸಾಲಿಗೆ ಸೇರಿಸಿತು.

ಬಾಡಿಗೆ ಏರಿದ ಹಳೆಯ ಬಾಡಿಗೆದಾರರು ಸಂಘ ಕಟ್ಟಿಕೊಂಡು ಪ್ರತಿಭಟಿಸಿದರು. ವಿವಾದ ನ್ಯಾಯಾಲಯಕ್ಕೂ ಹೋಯಿತು. ತೀರ್ಪು ನಗರಸಭೆಯ ಪರವಾಗಿಯೇ ಬಂದಿತು. ಆದರೆ ಕೋರ್ಟಿನಲ್ಲಿ ಗೆದ್ದುದು ಕೇರಿಯಲ್ಲಿ ಗೆದ್ದಂತಲ್ಲ. ನಾನು ಮೊದಲು ಹೇಳಿದ ಮತದಾರರ ಪಟ್ಟಿಯನ್ನು ಈಗ ನೆನೆದುಕೊಳ್ಳಿ. ನಗರಸಭೆಯ ಮನೆಯಲ್ಲಿದ್ದ ಪ್ರತಿಯೊಬ್ಬ ಬಾಡಿಗೆದಾರನೂ ಅವನ ಹೆಂಡತಿಯೂ ಮತದಾರರು. ಬಾಡಿಗೆಯ ಚೀಟಿ ಕೊಡುವ ಮನೆಯೊಡೆಯನೇ ನವೆಂಬರಿನಲ್ಲಿ ಅವರ ಬಳಿಗೆ ಮತದ ಚೀಟಿಗಾಗಿ ಬರಬೇಕು! ಇನ್ನು ರಿಯಾಯಿತಿಯ ಫಲ ಸೇರಬೇಕಾದವರೋ, ಅವರಲ್ಲಿ ಅನೇಕರಿಗೆ ಹೊಸ ಮನೆ ಇನ್ನೂ ನಕ್ಷೆಯಲ್ಲಿಯೇ ಇತ್ತು. ನಷ್ಟ ಇಂದಿನದು, ಲಾಭ ನಾಳಿನದು. ನಷ್ಟಪಟ್ಟವನಿಗೆ ತನ್ನ ನಷ್ಟ ಷಿಲಿಂಗ್ ಲೆಕ್ಕದಲ್ಲಿ ಗೊತ್ತು. ಲಾಭ ಪಡೆಯಬೇಕಾದವನಿಗೆ ಅದು ಬರೀ ಭರವಸೆ.

1935ರ ನವೆಂಬರ್ 1ರಂದು ನಗರಸಭೆಯ ಚುನಾವಣೆ ನಡೆಯಿತು. ಅದಾದ ಎರಡೇ ವಾರಕ್ಕೆ, 14ರಂದು, ಪಾರ್ಲಿಮೆಂಟಿನ ಮಹಾಚುನಾವಣೆ. ದೇಶವೆಲ್ಲ ದೊಡ್ಡ ಮಾತುಗಳಲ್ಲಿ ಮುಳುಗಿದ್ದಾಗ ಲೀಡ್ಸಿನ ಜನ ವಾರದ ಬಾಡಿಗೆಯ ಮಾತನಾಡಿದರು. ಲೇಬರ್ ಪಕ್ಷ ಸೋತಿತು. ಕನ್ಸರ್ವೇಟಿವ್ ಪಕ್ಷ ಅಧಿಕಾರಕ್ಕೆ ಬಂದಿತು. ಬಾಡಿಗೆಯೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಕಂದಾಯ ಏರೀತೆಂಬ ಭಯವಿತ್ತು. ಕೆಡವಲಿದ್ದ ಮನೆಗಳ ಒಡೆಯರ ಕೋಪವಿತ್ತು. ಆದರೂ ಆ ಸೋಲಿಗೆ ಎಲ್ಲಕ್ಕಿಂತ ಹೆಚ್ಚು ಅಂಟಿಕೊಂಡ ಹೆಸರು ಬಾಡಿಗೆಯ ಯೋಜನೆಯದೇ.

‘ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ’ ಎಂಬ ಗಾದೆಯನ್ನು ಇಲ್ಲಿಗೆ ಹೊಂದಿಸಿ ಮಾತು ಮುಗಿಸಬಹುದಿತ್ತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗೆದ್ದು ಬಂದವರು ಯೋಜನೆಯ ವೇಗವನ್ನು ತಗ್ಗಿಸಿದರು, ಬಾಡಿಗೆಯ ಕ್ರಮವನ್ನು ತಿದ್ದಿದರು; ಆದರೆ ಎರಡನ್ನೂ ಬೇರುಸಹಿತ ಕೀಳಲಿಲ್ಲ. ವಿಯೆನ್ನಾ ನಗರದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ಕಟ್ಟಡದ ಪ್ರೇರಣೆಯಿಂದ ಜೆಂಕಿನ್‌ಸನ್ನನ ಕಾಲದಲ್ಲಿ ಯೋಜಿತವಾದ ಕ್ವಾರಿ ಹಿಲ್‌ನ ಬೃಹತ್ ಗೃಹಸಮೂಹ, 938 ಮನೆಗಳ ಕೋಟೆ, 1938ರಲ್ಲಿ ತೆರೆಯಿತು. ಅದರ ಉಕ್ಕಿನ ಚೌಕಟ್ಟಿಗೆ ತುಕ್ಕು ಹಿಡಿದು ಅದನ್ನೂ 1970ರ ದಶಕದಲ್ಲಿ ಕೆಡವಬೇಕಾಯಿತೆಂಬುದು ಬೇರೆ ಮಾತು. ಇನ್ನು ಬಾಡಿಗೆಯ ರಿಯಾಯಿತಿ? 1972ರಲ್ಲಿ ಕನ್ಸರ್ವೇಟಿವ್ ಸರಕಾರವೇ ಶಾಸನ ಮಾಡಿ, ವರಮಾನಕ್ಕೆ ತಕ್ಕಂತೆ ಬಾಡಿಗೆಯಲ್ಲಿ ರಿಯಾಯಿತಿ ಕೊಡಬೇಕೆಂದು ನಗರಸಭೆಗಳಿಗೆಲ್ಲ ವಿಧಿಸಿತು. 1935ರಲ್ಲಿ ಸೋತ ಆಲೋಚನೆ ಮೂವತ್ತೇಳು ವರ್ಷಗಳ ಅನಂತರ ದೇಶದ ಕಾನೂನಾಯಿತು. ಜೆಂಕಿನ್‌ಸನ್ ಅದನ್ನು ನೋಡಲು ಉಳಿದಿರಲಿಲ್ಲ. ಯುದ್ಧಾನಂತರ ಅವನು ಲೀಡ್ಸ್ ನಗರಸಭೆಯ ನಾಯಕನೂ ಆಗಿ, 1949ರಲ್ಲಿ ತೀರಿಕೊಂಡ. ಅವನ ವಿಷಯದಲ್ಲಿ ನನಗೆ ಹೆಚ್ಚು ಪ್ರಿಯವಾದ ಸಂಗತಿ ಇನ್ನೊಂದು: ಹೋಲ್ಬೆಕ್‌ನ ಜನ ಬೆಲ್ ಐಲ್ ಎಂಬ ಹೊಸ ಬಡಾವಣೆಗೆ ಹೋದಾಗ ಅವನೂ ಅವರ ಜೊತೆಯಲ್ಲಿಯೇ ಅಲ್ಲಿಗೆ ಹೋಗಿ ನೆಲೆಸಿದ.

ಹಾಗಾದರೆ 1935ರ ಮತದಾರರು ತಪ್ಪು ಮಾಡಿದರೆ? ಹಾಗೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವರು ತಿರಸ್ಕರಿಸಿದ್ದು ನೆರೆಯವನಿಗೆ ಕಿಟಕಿಯುಳ್ಳ ಮನೆ ಸಿಗಲೆಂಬುದನ್ನಲ್ಲ. ತಮ್ಮನ್ನು ಕೇಳದೆ ತಮ್ಮ ಜೇಬನ್ನು ಎಣಿಸಿದ್ದನ್ನು. ಒಂದು ಒಳ್ಳೆಯ ಕೆಲಸ ಒಳ್ಳೆಯದಾಗಿರುವುದಷ್ಟೇ ಸಾಲದು, ಅದರ ಭಾರ ಹೊರುವವನ ಮಾನಕ್ಕೆ ಒಪ್ಪುವ ರೀತಿಯಲ್ಲಿ ಬರಬೇಕು ಎಂಬುದನ್ನು ಅವರು ಮತದ ಚೀಟಿಯ ಮೇಲೆ ಬರೆದು ಹೇಳಿದರು. ಜೆಂಕಿನ್‌ಸನ್ ಹೇಳಿದ್ದೂ ನಿಜ, ಅವನನ್ನು ಸೋಲಿಸಿದವರು ಹೇಳಿದ್ದೂ ನಿಜ. ಎರಡು ನಿಜಗಳು ಎದುರುಬದುರಾಗಿ ನಿಲ್ಲುವುದನ್ನು ನಾವು ನಾಟಕಗಳಲ್ಲಿ ಓದಿ ಮೆಚ್ಚುತ್ತೇವೆ. ಪತ್ರಿಕೆಯ ಮೂಲೆಯ ಆ ಸಣ್ಣ ಅಂಕಣದಲ್ಲಿಯೂ, ಎಡಕ್ಕೆ ಹೆಸರು ಬಲಕ್ಕೆ ಸಂಖ್ಯೆ ಇರುವ ಆ ಸಾಲುಗಳ ನಡುವೆಯೂ, ಅಂಥ ನಾಟಕ ಒಮ್ಮೊಮ್ಮೆ ನಡೆದಿರುತ್ತದೆ.