ತಾರಸಿಯ ಮೇಲೆ ಕಾರು ಓಡಿಸಿದ ಕಾರ್ಖಾನೆ

ಇಟಲಿಯ ಟ್ಯೂರಿನ್ ನಗರದ ದಕ್ಷಿಣ ಭಾಗದಲ್ಲಿ, ರೈಲು ಹಳಿಯ ಪಕ್ಕ, ಅರ್ಧ ಕಿಲೋಮೀಟರ್ ಉದ್ದದ ಐದಂತಸ್ತಿನ ಕಾಂಕ್ರೀಟ್ ಕಟ್ಟಡವಿದೆ. ಹೆಸರು ಲಿಂಗೊಟ್ಟೊ. ಫಿಯೆಟ್ ಕಂಪನಿಗಾಗಿ ಎಂಜಿನಿಯರ್ ಜಾಕೊಮೊ ಮಾತ್ತೆ-ಟ್ರುಕ್ಕೊ ರೂಪಿಸಿದ ಈ ಕಾರ್ಖಾನೆಯ ಕಾಮಗಾರಿ 1916ರಲ್ಲಿ ಶುರುವಾಗಿ, 1923ರಲ್ಲಿ ಉದ್ಘಾಟನೆಯಾಯಿತು. ಪ್ರೀಮಿಯರ್ ಪದ್ಮಿನಿಯನ್ನು ಇಂದಿಗೂ ‘ಫಿಯೆಟ್’ ಎಂದೇ ಕರೆಯುವ ನಮ್ಮ ಹಿರಿಯರಿಗೆ ಆ ಕಂಪನಿಯ ಪರಿಚಯ ಬೇಕಿಲ್ಲ.

ಇಲ್ಲಿ ಕಚ್ಚಾ ಸಾಮಗ್ರಿ ನೆಲಮಹಡಿಯಲ್ಲಿ ಒಳಗೆ ಬರುತ್ತಿತ್ತು. ಒಂದೊಂದು ಅಂತಸ್ತು ಏರಿದಂತೆ ಕಾರು ರೂಪ ತಳೆದು, ಕೊನೆಗೆ ತಾರಸಿಗೆ ಬರುತ್ತಿತ್ತು. ಅಲ್ಲಿತ್ತು ಪರೀಕ್ಷೆಯ ಟ್ರ್ಯಾಕ್: ಸುತ್ತಳತೆ ಸುಮಾರು ಒಂದು ಕಿಲೋಮೀಟರ್, ಎರಡೂ ತುದಿಯ ತಿರುವುಗಳಲ್ಲಿ ಗೋಡೆಯಂತೆ ಓರೆಯಾಗಿ ಎದ್ದ ಕಾಂಕ್ರೀಟ್ ಹಾಸು. ಅಂತಸ್ತುಗಳನ್ನು ಬೆಸೆಯುವ ಸುರುಳಿ ದಾರಿಗಳು ನನ್ನ ಪಾಲಿಗೆ ಈ ಕಟ್ಟಡದ ಅತಿ ಸುಂದರ ಭಾಗ. ಕೆಳಗೆ ನಿಂತು ತಲೆಯೆತ್ತಿದರೆ, ನಡುವಿನಿಂದ ಹೊರಟ ಕಾಂಕ್ರೀಟ್ ತೊಲೆಗಳು ಛತ್ರಿಯ ಕಡ್ಡಿಗಳಂತೆ ಹರಡಿಕೊಂಡಿರುವುದು ಕಾಣುತ್ತದೆ. ಭಾರ ಹೊರಲೆಂದು ಇಟ್ಟ ತೊಲೆಗಳೇ ಅಲಂಕಾರವೂ ಆಗಿವೆ.

ಆದರೆ ಕಾರನ್ನು ಮಹಡಿ ಹತ್ತಿಸುವ ಪದ್ಧತಿಯೇ ಮುಂದೆ ತೊಡಕಾಯಿತು. ಉದ್ದನೆಯ ಅಸೆಂಬ್ಲಿ ಲೈನಿಗೆ ಸಮತಟ್ಟಾದ ವಿಶಾಲ ನೆಲ ಬೇಕು. 1939ರಲ್ಲಿ ಮಿರಾಫಿಯೋರಿಯಲ್ಲಿ ಫಿಯೆಟ್ ಅಂಥ ಹೊಸ ಕಾರ್ಖಾನೆ ತೆರೆಯಿತು. ಲಿಂಗೊಟ್ಟೊ ಹೇಗೋ ನಡೆದು 1982ರಲ್ಲಿ ಬಾಗಿಲು ಹಾಕಿತು.

ಕೆಡವುವುದು ಸುಲಭವಿತ್ತು. ಉಳಿಸಿ ಬಳಸುವ ಹೊಣೆ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಅವರಿಗೆ ಬಂತು. ಆರು ಮೀಟರಿಗೊಂದರಂತೆ ನಿಂತ ಕಂಬಗಳು, ಸಾಲು ಸಾಲು ದೊಡ್ಡ ಕಿಟಕಿಗಳು, ತೆರೆದ ನೆಲ: ಇಂಥ ಕಟ್ಟಡದಲ್ಲಿ ಯಾವ ಕೆಲಸವನ್ನಾದರೂ ನಡೆಸಬಹುದು. ಅವರು ಅಸ್ಥಿಪಂಜರಕ್ಕೆ ಕೈ ಹಚ್ಚದೆ ಒಳಗೆ ಹೋಟೆಲು, ಮಳಿಗೆಗಳು, ಸಮ್ಮೇಳನ ಕೇಂದ್ರವನ್ನು ಕೂರಿಸಿದರು. ಸಂಗೀತ ಸಭಾಂಗಣವನ್ನಂತೂ ನೆಲ ಅಗೆದು ಕೆಳಗಿಳಿಸಿದರು. ಟ್ಯೂರಿನ್ ಪಾಲಿಟೆಕ್ನಿಕ್‌ನ ಆಟೊಮೊಬೈಲ್ ಎಂಜಿನಿಯರಿಂಗ್ ತರಗತಿಗಳೂ ಇಲ್ಲಿಗೆ ಬಂದವು. ಈ ಜಾಗಕ್ಕೆ ಇದಕ್ಕಿಂತ ಒಪ್ಪುವ ಬಳಕೆ ನನಗೆ ತೋಚುವುದಿಲ್ಲ. 2002ರಲ್ಲಿ ತಾರಸಿಯ ಮೇಲೆ ಉಕ್ಕಿನ ಪೆಟ್ಟಿಗೆಯಂಥ ಚಿತ್ರಶಾಲೆ ಎದ್ದಿತು. ಅದರಲ್ಲಿ ಕನಲೆತ್ತೊ, ಮತೀಸ್ ಚಿತ್ರಗಳಿವೆ.

ಮಳಿಗೆಗಳ ಭಾಗ ಮಾತ್ರ ಯಾವ ಊರಿನ ಮಾಲ್ ಆದರೂ ಆಗಬಹುದಿತ್ತು. ಸಾವಿರಾರು ಕಾರ್ಮಿಕರು ಪಾಳಿಯಲ್ಲಿ ದುಡಿದ ನೆಲ ಇದೇ ಎಂಬುದು ಅಲ್ಲಿ ಓಡಾಡುವವರಿಗೆ ಹೊಳೆಯುವುದು ಕಷ್ಟ. ಈ ಕೊರತೆ ನನ್ನನ್ನು ಕಾಡುತ್ತದೆ.

2021ರಲ್ಲಿ ಟ್ರ್ಯಾಕ್ ನಡುವೆ 40,000ಕ್ಕೂ ಹೆಚ್ಚು ಗಿಡ ನೆಟ್ಟು ತೋಟ ಮಾಡಲಾಯಿತು. ಈಗ ಓರೆ ತಿರುವಿನವರೆಗೂ ಜನ ನಡೆದು ಹೋಗುತ್ತಾರೆ. ಫಿಯೆಟ್‌ನ ವಿದ್ಯುತ್ ಕಾರುಗಳಿಗೂ ಅಲ್ಲಿ ಜಾಗವಿದೆ.