ಮಾಮಾನ ಊರು ಮಿರಜ

ಮಕ್ಕಳೇ, ದೀಪಾವಳಿಯ ಸೂಟಿ ಬಂತೆಂದರೆ ನೀವು ಎಲ್ಲಿಗೆ ಹೋಗುತ್ತೀರಿ? ಕೆಲವರು ಅಜ್ಜಿಯ ಊರಿಗೆ, ಕೆಲವರು ಅತ್ತೆಯ ಮನೆಗೆ ಹೋಗುತ್ತೀರಿ. ನಾನು ಚಿಕ್ಕವನಿದ್ದಾಗ ಪ್ರತಿ ಸೂಟಿಗೂ ಮಾಮಾನ ಊರಿಗೆ ಹೋಗುತ್ತಿದ್ದೆ. ಮಾಮಾನ ಊರು ಮಿರಜ.

ನಮ್ಮೂರು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಒಂದು ಸಣ್ಣ ಹಳ್ಳಿ. ನಮ್ಮ ಮನೆಮಾತು ಕನ್ನಡ. ಬೆಳಗಿನ ಎಸ್.ಟಿ. ಬಸ್ಸು ಹಿಡಿದರೆ ದಾರಿಯುದ್ದಕ್ಕೂ ಜೋಳದ ಹೊಲಗಳು, ಜಾಲಿ ಮರಗಳು, ಕಲ್ಲುಗುಡ್ಡಗಳು. ಕವಠೇ ಮಹಾಂಕಾಳ ದಾಟಿ ಮುಂದೆ ಹೋದಂತೆ ಹಸಿರು ಹೆಚ್ಚುತ್ತಿತ್ತು. ಕೃಷ್ಣಾ ನದಿಯ ಕಡೆಯ ಕಬ್ಬಿನ ಗದ್ದೆಗಳು ಕಂಡರೆ ಮಿರಜ ಸಮೀಪಿಸಿತೆಂದು ತಿಳಿಯುತ್ತಿದ್ದೆವು.

ಮಿರಜ ದೊಡ್ಡ ರೈಲು ಜಂಕ್ಷನ್. ಪುಣೆ, ಕೊಲ್ಹಾಪುರ, ಬೆಳಗಾವಿ, ಪಂಢರಪುರಗಳ ಕಡೆಯ ರೈಲು ಮಾರ್ಗಗಳು ಅಲ್ಲಿ ಕೂಡುತ್ತವೆ. ನನ್ನ ಮಾಮಾ ಅದೇ ನಿಲ್ದಾಣದಲ್ಲಿ ಕೆಲಸ ಮಾಡುತ್ತಿದ್ದರು. ಮಿರಜ ದವಾಖಾನೆಗಳ ಊರು ಕೂಡ. 1894ರಲ್ಲಿ ಡಾಕ್ಟರ್ ವಾನ್ಲೆಸ್ ಅವರು ಅಲ್ಲಿ ಆಸ್ಪತ್ರೆ ಆರಂಭಿಸಿದರು. ಬೆಳಗಾವಿ, ವಿಜಯಪುರ ಜಿಲ್ಲೆಗಳಿಂದಲೂ ಜನರು ಚಿಕಿತ್ಸೆಗಾಗಿ ಮಿರಜಿಗೆ ಬರುತ್ತಾರೆ. ಆದ್ದರಿಂದ ಅಲ್ಲಿಯ ಪೇಟೆಯಲ್ಲಿ ಮರಾಠಿಯ ಜೊತೆಗೆ ಕನ್ನಡವೂ ಕೇಳಿಸುತ್ತದೆ.

ಆದರೆ ಇದೆಲ್ಲ ನನಗೆ ಆಗ ತಿಳಿದಿರಲಿಲ್ಲ. ನಾನು ಐದನೆಯ ಇಯತ್ತೆಯಲ್ಲಿದ್ದೆ. ಒಂದು ಸಂಜೆ ಮಾಮಾನ ಓಣಿಯ ಹುಡುಗರೊಂದಿಗೆ ಆಡಲು ಹೋದೆ. ನನಗೆ ಮರಾಠಿ ಸರಿಯಾಗಿ ಬರುತ್ತಿರಲಿಲ್ಲ. ನಾನು ಒಂದು ಮಾತು ತಪ್ಪಾಗಿ ಆಡಿದೆ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಅಳುಮೋರೆ ಮಾಡಿಕೊಂಡು ಮನೆಗೆ ಬಂದೆ. "ಈ ಊರು ಇವರದು. ಇಲ್ಲಿ ನಮ್ಮದೇನೂ ಇಲ್ಲ" ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಮರುದಿನ ಆಡಲು ಹೋಗಲೇ ಇಲ್ಲ.

ಮಾಮಿ ಈ ಸಂಗತಿಯನ್ನು ಮಾಮಾನಿಗೆ ಹೇಳಿದರು. ಮಾಮಾ ನಕ್ಕು, "ನಡಿ, ನಿನಗೊಂದು ಜಾಗಾ ತೋರಸ್ತೀನಿ" ಎಂದು ನನ್ನನ್ನು ಸೈಕಲ್ಲಿನ ಮೇಲೆ ಕೂಡ್ರಿಸಿಕೊಂಡು ಹೊರಟರು.

ನಾವು ಒಂದು ಇಕ್ಕಟ್ಟಾದ ಗಲ್ಲಿಗೆ ಬಂದೆವು. ಅಲ್ಲಿಯ ಅಂಗಡಿಗಳಲ್ಲಿ ದೊಡ್ಡ ದೊಡ್ಡ ಸೋರೆಬುರುಡೆಗಳು ರಾಶಿ ಬಿದ್ದಿದ್ದವು. ಕೆಲವು ನಮ್ಮ ಮನೆಯ ನೀರಿನ ಕೊಡಕ್ಕಿಂತ ದೊಡ್ಡವು! ಒಂದು ಅಂಗಡಿಯಲ್ಲಿ ಬಿಳಿ ಗಡ್ಡದ ಅಜ್ಜ ಒಬ್ಬರು ತಂಬೂರಿಗೆ ತಂತಿ ಕಟ್ಟುತ್ತ ಕುಳಿತಿದ್ದರು. ಅವರು ನನ್ನನ್ನು ನೋಡಿ ಕನ್ನಡದಲ್ಲಿಯೇ ಕೇಳಿದರು:

"ಯಾವ ಊರಪಾ ತಮ್ಮಾ?"

"ಜತ್ತ ಕಡೀದು" ಎಂದೆ.

"ಹಂಗಾರ ಈ ಬುರುಡಿ ನಿಮ್ಮ ಬಾಜೂಕಿಂದನ ಬಂದದ ನೋಡು. ಮಂಗಳವೇಢೆ ಕಡೀದು. ನಿಮ್ಮ ಕಡೆ ಬುರುಡಿ ಬೆಳೀಲಿಲ್ಲಂದ್ರ ನಮ್ಮ ತಂಬೂರಿ ಮಾತಾಡೂದಿಲ್ಲ" ಎಂದರು.

ನನಗೆ ಆಶ್ಚರ್ಯವಾಯಿತು. ಮಂಗಳವೇಢೆ ನಮ್ಮ ತಾಲೂಕಿಗೆ ಹೊಂದಿಕೊಂಡ ಊರು. ಬಸವಣ್ಣನವರು ಕೆಲಕಾಲ ಇದ್ದ ಊರೆಂದು ಅಜ್ಜಿ ಅದರ ಹೆಸರು ಹೇಳುತ್ತಿದ್ದಳು. ಅಲ್ಲಿಯ ಹೊಲದ ಕಾಯಿ ಇಲ್ಲಿ ವಾದ್ಯವಾಗುತ್ತದೆಯೇ? ಹೇಗೆ? ಅಜ್ಜ ತಾಳ್ಮೆಯಿಂದ ಎಲ್ಲವನ್ನೂ ತೋರಿಸಿದರು.

ಈ ಸೋರೆ ತಿನ್ನುವ ಸೋರೆಯಲ್ಲ, ಕಹಿಯಾದುದು. ಅದನ್ನು ಬಲಿಯಲು ಬಿಟ್ಟು ಚೆನ್ನಾಗಿ ಒಣಗಿಸುತ್ತಾರೆ. ಒಣಗಿದ ಬುರುಡೆಯನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡುತ್ತಾರೆ. ಮೇಲಿನ ಭಾಗವನ್ನು ಕೊಯ್ದು ಬೀಜ, ತಿರುಳನ್ನು ಕೆರೆದು ತೆಗೆಯುತ್ತಾರೆ. ಒಳಗೆ ಕಡ್ಡಿಗಳನ್ನು ಆನಿಸಿಟ್ಟು, ಬೇಕಾದ ಆಕಾರ ಬರುವಂತೆ ಮತ್ತೆ ಒಣಗಿಸುತ್ತಾರೆ. ಅದರ ಬಾಯಿಗೆ ತೆಳುವಾದ ಮರದ ಹಲಗೆ ಮುಚ್ಚುತ್ತಾರೆ. ಇದಕ್ಕೆ ತಬಲಿ ಎನ್ನುತ್ತಾರೆ. ಅದಕ್ಕೆ ಉದ್ದವಾದ ಮರದ ದಂಡಿ ಜೋಡಿಸುತ್ತಾರೆ. ಇದಕ್ಕೆ ಹೆಚ್ಚಾಗಿ ತೂನ್ ಎಂಬ ಮರವನ್ನು ಬಳಸುತ್ತಾರೆ. ಆಮೇಲೆ ಹೂಬಳ್ಳಿಯ ನಕಾಸೆ, ಹೊಳಪು, ಕೊನೆಗೆ ತಂತಿ. ತಂಬೂರಿಗೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ಗಂಡಸರು ಹಾಡುವಾಗ ಬಳಸುವ ತಂಬೂರಿ ದೊಡ್ಡದು, ಹೆಂಗಸರದು ಸ್ವಲ್ಪ ಚಿಕ್ಕದು.

"ಬುರುಡೆ ಯಾಕೆ ಬೇಕು?" ಎಂದು ಕೇಳಿದೆ. ಅಜ್ಜ ಒಂದು ತಂತಿಯನ್ನು ಎರಡು ಮೊಳೆಗಳ ನಡುವೆ ಬಿಗಿದು ಮೀಟಿದರು. ಸಣ್ಣ ಸದ್ದು ಬಂತು. ಅನಂತರ ತಂಬೂರಿಯ ತಂತಿ ಮೀಟಿದರು. ಗಲ್ಲಿಯೆಲ್ಲ ತುಂಬುವಂತೆ ನಾದ ಹೊಮ್ಮಿತು. ಖಾಲಿ ಕೊಡದೊಳಗೆ ಬಾಯಿಟ್ಟು ಮಾತಾಡಿದರೆ ದನಿ ದೊಡ್ಡದಾಗುತ್ತದೆಯಲ್ಲವೇ? ಇಲ್ಲಿಯೂ ಹಾಗೆಯೇ. ತಂತಿ ನಡುಗಿದಾಗ ಅದರ ಕೆಳಗಿರುವ ಕುದುರೆ ಎಂಬ ಚಿಕ್ಕ ಮಣೆ ನಡುಗುತ್ತದೆ. ಕುದುರೆಯಿಂದ ತಬಲಿ ನಡುಗುತ್ತದೆ. ಬುರುಡೆಯೊಳಗಿನ ಗಾಳಿಯೂ ಅದರೊಂದಿಗೆ ನಡುಗಿ ನಾದ ದೊಡ್ಡದಾಗುತ್ತದೆ. ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಎಳೆ ನೂಲು ಇಡುತ್ತಾರೆ. ಅದನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿದರೂ ನಾದ ಬದಲಾಗುತ್ತದೆ. ಸರಿಯಾದ ಜಾಗ ಸಿಕ್ಕಾಗ ನಾದವು ಝೇಂಕರಿಸುತ್ತದೆ. ಇದನ್ನು ಜವಾರಿ ಎನ್ನುತ್ತಾರೆ. ಈ ಜಾಗವನ್ನು ಅಳತೆಪಟ್ಟಿಯಿಂದ ಹುಡುಕಲು ಬರುವುದಿಲ್ಲ. ಅದಕ್ಕೆ ಕಿವಿಯೇ ಬೇಕು.

ಮಿರಜಿನಲ್ಲಿ ಈ ಕಸುಬು ಸುಮಾರು 1850ರ ಹೊತ್ತಿಗೆ ಆರಂಭವಾಯಿತು. ಫರೀದಸಾಹೇಬ ಎಂಬವರು ಇದಕ್ಕೆ ಬುನಾದಿ ಹಾಕಿದರು. ಅವರ ಮನೆತನದವರು ಮೊದಲು ಖಡ್ಗ ಮೊದಲಾದ ಆಯುಧಗಳನ್ನು ಮಾಡಿ, ಹದಗೊಳಿಸುವ ಶಿಕಲಗಾರರು. ಯುದ್ಧಗಳು ಕಡಿಮೆಯಾದಾಗ ಆಯುಧಗಳನ್ನು ಕೊಳ್ಳುವವರು ಇಲ್ಲವಾದರು. ಆಗ ಅವರು ವಾದ್ಯ ದುರಸ್ತಿ ಮಾಡಲು ಕಲಿತರು. ಮುಂದೆ ತಾವೇ ವಾದ್ಯಗಳನ್ನು ಮಾಡತೊಡಗಿದರು. ಸತಾರಮೇಕರ ಎಂಬುದೇ ಅವರ ಅಡ್ಡಹೆಸರಾಯಿತು. ಖಡ್ಗ ಹಿಡಿದ ಕೈಗಳು ತಂಬೂರಿ ಹಿಡಿದವು.

ಅಲ್ಲಿಂದ ಮಾಮಾ ನನ್ನನ್ನು ಮೀರಾಸಾಹೇಬ ದರ್ಗಾಕ್ಕೆ ಕರೆದುಕೊಂಡು ಹೋದರು. ಹಿಂದೂಗಳು, ಮುಸಲ್ಮಾನರು ಎಲ್ಲರೂ ಅಲ್ಲಿಗೆ ಬರುತ್ತಾರೆ. ಅಲ್ಲಿಯೇ ಉಸ್ತಾದ ಅಬ್ದುಲ್ ಕರೀಮ್ ಖಾನರ ಸಮಾಧಿಯಿದೆ. ಖಾನಸಾಹೇಬರು ಹುಟ್ಟಿದ್ದು 1872ರಲ್ಲಿ, ದೂರದ ಉತ್ತರಪ್ರದೇಶದ ಕೈರಾನಾದಲ್ಲಿ. ನೆಲೆಸಿದ್ದು ಮಿರಜಿನಲ್ಲಿ. 1937ರಲ್ಲಿ ಮದ್ರಾಸಿನ ಕಡೆ ಪ್ರವಾಸದಲ್ಲಿದ್ದಾಗ ಒಂದು ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಅವರನ್ನು ಮಿರಜಿಗೆ ತಂದು ಸಮಾಧಿ ಮಾಡಲಾಯಿತು. ಅವರ ನೆನಪಿಗಾಗಿ ಪ್ರತಿವರ್ಷ ಉರುಸಿನ ಸಮಯದಲ್ಲಿ ದರ್ಗಾದ ಆವರಣದಲ್ಲಿ ಸಂಗೀತ ಸಭೆ ನಡೆಯುತ್ತದೆ. ನವರಾತ್ರಿಯಲ್ಲಿ ಅಂಬಾಬಾಯಿಯ ದೇವಸ್ಥಾನದಲ್ಲಿಯೂ ಗಾಯನ ವಾದನಗಳು ನಡೆಯುತ್ತವೆ.

"ಖಾನಸಾಹೇಬರ ದೊಡ್ಡ ಶಿಷ್ಯ ಯಾರು ಗೊತ್ತೇನು?" ಎಂದು ಮಾಮಾ ಕೇಳಿದರು. ನಾನು ತಲೆಯಾಡಿಸಿದೆ. "ಧಾರವಾಡ ಸೀಮೆಯ ಕುಂದಗೋಳದವರು, ನಮ್ಮ ಕನ್ನಡದವರು!" ಎಂದರು. ಅವರೇ ಸವಾಯಿ ಗಂಧರ್ವರು. ಗಂಗೂಬಾಯಿ ಹಾನಗಲ್, ಪಂಡಿತ ಭೀಮಸೇನ ಜೋಶಿ ಇವರಿಬ್ಬರೂ ಸವಾಯಿ ಗಂಧರ್ವರ ಶಿಷ್ಯರು. ಭೀಮಸೇನ ಜೋಶಿಯವರಿಗೆ ಮುಂದೆ ಭಾರತರತ್ನ ಪ್ರಶಸ್ತಿ ದೊರೆಯಿತು. ಉತ್ತರದ ಗುರು, ಕನ್ನಡದ ಶಿಷ್ಯ, ಇಬ್ಬರನ್ನೂ ಕೂಡಿಸಿದ್ದು ಸಂಗೀತ.

ಮರುದಿನ ನಾವು ಸಾಂಗಲಿಗೆ ಹೋದೆವು. ಮಿರಜಿನಿಂದ ಸಾಂಗಲಿ ತೀರ ಹತ್ತಿರ. 1998ರಿಂದ ಸಾಂಗಲಿ, ಮಿರಜ ಮತ್ತು ಕುಪವಾಡ ಮೂರೂ ಸೇರಿ ಒಂದೇ ಮಹಾನಗರಪಾಲಿಕೆಯಾಗಿವೆ. ಕೃಷ್ಣೆಯ ದಡದ ಗಣಪತಿ ಮಂದಿರಕ್ಕೆ ಹೋಗಿ ಕೈಮುಗಿದೆವು. 1929ರಲ್ಲಿ ಕಟ್ಟಿದ ಆಯರ್ವಿನ್ ಸೇತುವೆಯ ಮೇಲೆ ನಿಂತು ನದಿಯನ್ನು ನೋಡಿದೆವು. ಅಲ್ಲಿ ಮಾಮಾ ನಾಟಕದ ಕಥೆ ಹೇಳಿದರು.

ಆಗ ಸಾಂಗಲಿ ಒಂದು ಸಂಸ್ಥಾನವಾಗಿತ್ತು. ಚಿಂತಾಮಣರಾವ ಅಪ್ಪಾಸಾಹೇಬ ಪಟವರ್ಧನರು ಅದನ್ನು ಆಳುತ್ತಿದ್ದರು. ಒಮ್ಮೆ ಕರ್ನಾಟಕದಿಂದ ಭಾಗವತರ ಮೇಳವೊಂದು ಸಾಂಗಲಿಗೆ ಬಂದು ಆಟ ಆಡಿತು. ಯಕ್ಷಗಾನದಂತಹ ಆಟ ಅದು. ರಾಜರಿಗೆ ಅದು ಹಿಡಿಸಿತು. ಅಂಥ ಆಟವನ್ನು ಮರಾಠಿಯಲ್ಲಿ, ಇನ್ನಷ್ಟು ಅಚ್ಚುಕಟ್ಟಾಗಿ ಮಾಡಬೇಕೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. ಭಾವೆಯವರು 'ಸೀತಾ ಸ್ವಯಂವರ' ಎಂಬ ನಾಟಕವನ್ನು ರಚಿಸಿ, 1843ರ ನವೆಂಬರ್ 5ರಂದು ಸಾಂಗಲಿಯಲ್ಲಿ ಆಡಿಸಿದರು. ಮರಾಠಿ ರಂಗಭೂಮಿ ಅಲ್ಲಿಂದ ಆರಂಭವಾಯಿತೆಂದು ಹೇಳುತ್ತಾರೆ. ಇಂದಿಗೂ ನವೆಂಬರ್ 5 ಮರಾಠಿ ರಂಗಭೂಮಿ ದಿನ. ಸಾಂಗಲಿಗೆ 'ನಾಟ್ಯಪಂಢರಿ' ಎಂಬ ಹೆಸರೂ ಇದೆ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮುಂದೆ ಮರಾಠಿ ನಾಟಕ ಮಂಡಳಿಗಳು ಉತ್ತರ ಕರ್ನಾಟಕದಲ್ಲಿ ಊರೂರು ತಿರುಗಿದವು. ಜನ ಮುಗಿಬಿದ್ದು ನೋಡಿದರು. ಅದನ್ನು ಕಂಡು 1870ರ ದಶಕದಲ್ಲಿ ಗದಗಿನ ಕಡೆ ಶಾಂತಕವಿ ಸಕ್ಕರಿ ಬಾಳಾಚಾರ್ಯರು ಕನ್ನಡದಲ್ಲಿಯೂ ನಾಟಕ ಬರೆದು ಆಡಿಸಿದರು. ಕನ್ನಡದ ಮೇಳ ನೋಡಿ ಮರಾಠಿ ನಾಟಕ ಹುಟ್ಟಿತು. ಮರಾಠಿ ನಾಟಕ ನೋಡಿ ಕನ್ನಡ ನಾಟಕ ಬೆಳೆಯಿತು. ನೆರೆಮನೆಯವರು ಹೆಪ್ಪು ಕೊಟ್ಟು ತೆಗೆದುಕೊಳ್ಳುವಂತೆ ಇದೂ ನಡೆಯಿತು.

ಸಂಜೆ ಮಾಮಾ ಭಡಂಗ ಕೊಡಿಸಿದರು. ನೋಡಿದರೆ ನಮ್ಮ ಚುರಮುರಿಯೇ! ಖಾರ, ಬೆಳ್ಳುಳ್ಳಿ, ಶೇಂಗಾ ಹಾಕಿ ಒಗ್ಗರಣೆ ಕೊಟ್ಟದ್ದು. ಉಳಿದ ಪೊಟ್ಟಣವನ್ನು ಹಿಡಿದುಕೊಂಡು ಮರುದಿನ ನಾನೇ ಓಣಿಯ ಹುಡುಗರ ಬಳಿ ಹೋದೆ. ಮರಾಠಿಯಲ್ಲಿ ಮತ್ತೆ ತಪ್ಪು ಮಾತಾಡಿದೆ. ಅವರು ಮತ್ತೆ ನಕ್ಕರು. ಈ ಸಲ ನಾನೂ ನಕ್ಕೆ. ಸೂಟಿ ಮುಗಿಯುವಷ್ಟರಲ್ಲಿ ನನಗೆ ಮರಾಠಿ ಬಂತು. ಅವರಿಗೆ 'ಬಾ', 'ಊಟ ಆತೇನು?' ಎನ್ನಲು ಬಂತು.

ಮಕ್ಕಳೇ, ಇದೆಲ್ಲ ನಡೆದು 45 ವರ್ಷಗಳಾದವು. ಮಿರಜಿನ ಸಿತಾರ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕ ಎಂಬ ಮಾನ್ಯತೆ ದೊರೆಯಿತು. ಬೇರೆ ಕಡೆ ಮಾಡಿದ ವಾದ್ಯವನ್ನು ಮಿರಜಿನದೆಂದು ಹೇಳಿ ಮಾರಬಾರದು ಎಂಬುದು ಇದರ ಅರ್ಥ. ಇದು ಸಂತೋಷದ ಸಂಗತಿ. ಆದರೆ ಕಸುಬಿಗೆ ಕಷ್ಟವೂ ಬಂದಿದೆ. ಈಗ ತಂಬೂರಿಯ ನಾದ ಪೆಟ್ಟಿಗೆಯಂತಹ ವಿದ್ಯುತ್ ಯಂತ್ರದಲ್ಲಿ ಬರುತ್ತದೆ, ಮೊಬೈಲಿನಲ್ಲಿಯೂ ಬರುತ್ತದೆ. ಕೈಯಿಂದ ವಾದ್ಯ ಮಾಡಲು ಬಹಳ ದಿನ ಹಿಡಿಯುತ್ತದೆ. ಕಲಿಯಲು ವರ್ಷಗಳು ಬೇಕು. ಆದ್ದರಿಂದ ಆ ಮನೆಗಳ ಕೆಲವು ಹುಡುಗರು ಬೇರೆ ಕೆಲಸ ಹುಡುಕುತ್ತಿದ್ದಾರೆ. ರೈತರು ಬುರುಡೆ ಬೆಳೆಯುವುದನ್ನು ಬಿಟ್ಟರೂ ಈ ಕಸುಬು ನಿಲ್ಲುತ್ತದೆ.

ಈಚೆಗೆ ನನ್ನ ತಂಗಿಯ ಮಗಳನ್ನು ಅದೇ ಗಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವಳು ಸಂಗೀತ ಕಲಿಯುತ್ತಾಳೆ. "ಮಾಮಾ, ಮೊಬೈಲಿನ್ಯಾಗ ತಂಬೂರಿ ಅದ ಅಲ್ಲ, ಇದ್ಯಾಕ ಬೇಕು?" ಎಂದು ಕೇಳಿದಳು. ನಾನು ಏನೂ ಹೇಳಲಿಲ್ಲ. ಅಂಗಡಿಯವರು ಅವಳ ಅಂಗೈಯನ್ನು ಬುರುಡೆಯ ಮೇಲಿರಿಸಿ ತಂತಿ ಮೀಟಿದರು. ನಾದದ ನಡುಕ ಅವಳ ಕೈಗೆ ತಾಗಿತು. ಅವಳು ಕೈ ತೆಗೆಯದೆ, "ಇನ್ನೊಮ್ಮೆ" ಎಂದಳು.

ನೀವೂ ಸೂಟಿಯಲ್ಲಿ ನೆಂಟರ ಊರಿಗೆ ಹೋಗುತ್ತೀರಿ. ಅಲ್ಲಿ ಅಂಗಡಿ, ಸಿನಿಮಾ ನೋಡಿರಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಅಲ್ಲಿಯ ಒಂದು ಕಸುಬು ನೋಡಿರಿ. ಅದಕ್ಕೆ ಬೇಕಾದ ಸಾಮಾನು ಯಾವ ಊರಿನಿಂದ ಬರುತ್ತದೆ, ಮಾಡುವವರು ಯಾರು, ಕಲಿಸಿದವರು ಯಾರು ಎಂದು ಕೇಳಿರಿ. ದೊಡ್ಡ ಊರುಗಳನ್ನು ಸಣ್ಣ ಊರುಗಳ ಜನರೇ ಕಟ್ಟಿದ್ದಾರೆ. ಹುಡುಕಿದರೆ ನಿಮ್ಮೂರಿನದೂ ಏನಾದರೊಂದು ಅಲ್ಲಿ ಸಿಕ್ಕೀತು.