ನರಳಾಟವೂ ಗೊಣಗಾಟವೂ

ಹೊಸಪೇಟೆಯ ನಮ್ಮ ವಿದ್ಯಾರ್ಥಿಯೊಬ್ಬನು ಇಂಗ್ಲಿಷ್ ಕತೆಯೊಂದನ್ನು ಕನ್ನಡಕ್ಕೆ ತಿರುಗಿಸುತ್ತಿದ್ದನು. ಅದರಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳು ‘ಮೋನ್’ ಮಾಡುತ್ತಾಳೆ. ನಿಘಂಟಿನಲ್ಲಿ ಎರಡರ್ಥಗಳನ್ನು ಕಂಡ ಆತನು ‘ಮುದುಕಿಯು ಗೊಣಗುತ್ತಿದ್ದಳು’ ಎಂದು ಬರೆದನು. ಒಂದೇ ಮಾತಿನ ವ್ಯತ್ಯಾಸದಿಂದ, ನೋವಿನಲ್ಲಿ ಬೇಯುತ್ತಿದ್ದವಳು ಸೊಸೆಯ ತಪ್ಪು ಹುಡುಕುವ ಅತ್ತೆಯಾಗಿಬಿಟ್ಟಳು!

ತಪ್ಪು ಹುಡುಗನೊಬ್ಬನದೇ ಅಲ್ಲ. ಇಂಗ್ಲಿಷಿನಲ್ಲಿ ನೋವಿನ ದನಿಗೆ ಇಟ್ಟ ಹೆಸರುಗಳೇ ಅನೇಕ ವೇಳೆ ದೂರಿಗೂ ಸಲ್ಲುತ್ತವೆ. ‘ಮೋನ್’ ಎಂದರೆ ತಗ್ಗಿದ, ನೀಳವಾದ ನರಳಿಕೆ. ಮಳೆ, ರೈಲು, ಸಂಬಳಗಳ ವಿಷಯದಲ್ಲಿ ಇಂಗ್ಲೆಂಡಿನವರು ದಿನವೂ ಹಲುಬುವುದೂ ‘ಮೋನ್’ ಎಂದೇ. ‘ಗ್ರೋನ್’ ಗಂಟಲಾಳದ್ದು, ಭಾರ ಹೊತ್ತ ತೊಲೆಗೂ, ಕೀಲೆಣ್ಣೆ ಕಾಣದ ಕಬ್ಬಿನ ಗಾಡಿಗೂ ಆ ಮಾತು ಒಪ್ಪುವುದು. ‘ವೈನ್’ ಎಂಬುದು ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಗಾಳಿಯನ್ನು ಸೀಳುವ ಬಾಣದ ಸುಯ್ಯೆಂಬ ಸದ್ದಾಗಿತ್ತು. ಈಗ ಅದು ಹಟಮಾರಿ ಮಗು ಮೂಗಿನಲ್ಲಿ ಎಳೆಯುವ ರಾಗ. ಇನ್ನು ‘ಕಂಪ್ಲೇಂಟ್’: ಲ್ಯಾಟಿನ್ ಮೂಲದಲ್ಲಿ ಅದು ಎದೆ ಬಡಿದುಕೊಂಡು ಶೋಕಿಸುವುದು. ಪೊಲೀಸು ಠಾಣೆಯಲ್ಲಿ ಕೊಡುವುದೂ ಅದನ್ನೇ, ‘ಏನು ಕಂಪ್ಲೇಂಟು?’ ಎಂದು ವೈದ್ಯರು ಕೇಳುವುದೂ ಅದನ್ನೇ.

ಕನ್ನಡವು ಇಲ್ಲಿ ಗೆರೆ ಎಳೆದಿದೆ. ನರಳುವವನಿಗೆ ಮಾತು ಬೇಡ. ಗೊಣಗುವವನಿಗೆ, ಅಸ್ಪಷ್ಟವಾಗಿಯಾದರೂ, ಮಾತು ಬೇಕು.

ಭೌತಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಎರಡಕ್ಕೂ ಉಪಕರಣ ಒಂದೇ. ಶ್ವಾಸಕೋಶದಿಂದ ಹೊರಟ ಗಾಳಿಯು ಧ್ವನಿತಂತುಗಳನ್ನು ಕಂಪಿಸುತ್ತದೆ: ಮಾತಾಡುವ ಗಂಡಸಿನಲ್ಲಿ ಸೆಕೆಂಡಿಗೆ ಸುಮಾರು 100ರಿಂದ 150 ಸಲ, ಅಳುವ ಹಸುಗೂಸಿನಲ್ಲಿ ಸುಮಾರು 400ರಿಂದ 500 ಸಲ. ತಂಬೂರಿಯ ತಂತಿಯಂತೆ, ಬಿಗಿದಷ್ಟೂ ಸ್ವರವೇರುವುದು. ಥಟ್ಟನೆ ಪೆಟ್ಟು ಬಿದ್ದಾಗ ಸ್ನಾಯುಗಳು ಬಿಗಿಯುತ್ತವೆ, ಬಾಯಿ ಅಗಲವಾಗಿ ತೆರೆಯುತ್ತದೆ. ತೆರೆದ ಬಾಯಿಂದ ಹೊರಡುವ ಸ್ವರ ‘ಆ’ ಅಲ್ಲದೆ ಮತ್ತೇನು? 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ 131 ಭಾಷೆಗಳ ಉದ್ಗಾರಗಳನ್ನು ಹೋಲಿಸಿದಾಗ, ನೋವಿನವುಗಳಲ್ಲಿ ‘ಆ’ದಂಥ ತೆರೆದ ಸ್ವರಗಳೂ ‘ಐ’, ‘ಔ’ಗಳಂಥ ಜೋಡಿಸ್ವರಗಳೂ ಹೆಚ್ಚಾಗಿ ಕಂಡುಬಂದವು. ನಮ್ಮ ‘ಅಯ್ಯೋ’, ‘ಅಮ್ಮಾ’ಗಳನ್ನು ವಾಚಕರು ಬಾಯಿಬಿಟ್ಟು ಹೇಳಿ ನೋಡಬಹುದು.

ನರಳುವುದರಿಂದ ನೋವೇನೂ ಇಳಿಯದು, ಸುಮ್ಮನಿರು ಎಂದು ರೋಗಿಯನ್ನು ಗದರಿಸುವವರುಂಟು. ಸಿಂಗಪುರದ ಇಬ್ಬರು ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗ ಇಂಥವರಿಗೆ ಉತ್ತರವಾಗಿದೆ. ನೋವುಂಟುಮಾಡುವಷ್ಟು ತಣ್ಣನೆಯ ನೀರಿನಲ್ಲಿ ಕೈ ಅದ್ದಿ, ‘ಔ’ ಎಂದು ಕೂಗಿದವರು ಮೌನವಾಗಿದ್ದುದಕ್ಕಿಂತ ಹೆಚ್ಚು ಹೊತ್ತು ಸಹಿಸಿದರು. ಕೂಗಿನ ಬದಲು ಗುಂಡಿಯೊಂದನ್ನು ಒತ್ತಿದಾಗಲೂ ಹಾಗೆಯೇ ಆಯಿತು. ತಮ್ಮದೇ ಕೂಗಿನ ಧ್ವನಿಮುದ್ರಣವನ್ನು ಕೇಳಿದಾಗ ಮಾತ್ರ ಏನೂ ಲಾಭವಾಗಲಿಲ್ಲ. ಎಂದರೆ, ಫಲವು ಕಿವಿಗೆ ಬಿದ್ದ ಸದ್ದಿನದಲ್ಲ, ಸ್ನಾಯುಗಳ ಕೆಲಸದ್ದಿರಬೇಕೆಂದು ಸಂಶೋಧಕರ ಊಹೆ.

ಹುಡುಗನು ತನ್ನ ವಾಕ್ಯವನ್ನು ಹೊಡೆದುಹಾಕಿ ‘ನರಳುತ್ತಿದ್ದಳು’ ಎಂದು ತಿದ್ದಿದನು. ಮರುಪುಟದಲ್ಲಿ ಮುದುಕಿ ಚೇತರಿಸಿಕೊಂಡು, ಚಹಾ ಆರಿಹೋಗಿದೆಯೆಂದು ಮತ್ತೆ ‘ಮೋನ್’ ಮಾಡಿದ್ದಳು. ಅಲ್ಲಿ ಧಾರಾಳವಾಗಿ ‘ಗೊಣಗಿದಳು’ ಎಂದೇ ಬರೆಯಪ್ಪಾ ಎಂದೆವು.